ಆಲಾಪದ ನಡುವಿನ ತೂತು

ಧಾರವಾಡದ ನಮ್ಮ ಕಾಕಾನ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಹಾಡು ಶುರುವಾಗುತ್ತದೆ. ಮೊದಲು ರೇಡಿಯೊ ಇತ್ತು, ಆಮೇಲೆ ಟು-ಇನ್-ಒನ್ ಬಂತು, ಈಗ ಮಗ ಬಳಸಿ ಕೊಟ್ಟ ಲ್ಯಾಪ್‌ಟಾಪ್. ರೇಡಿಯೊದಿಂದ ಹಿಡಿದಿಟ್ಟ ಮೂವತ್ತು ವರ್ಷದ ಕ್ಯಾಸೆಟ್‌ಗಳನ್ನು ನಿವೃತ್ತಿಯಾದ ಮೇಲೆ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ಕಳೆದ ಚಳಿಗಾಲದಲ್ಲಿ ಅಲ್ಲಿ ಉಳಿದುಕೊಂಡಿದ್ದಾಗ ಒಂದು ಬೆಳಿಗ್ಗೆ ಗಂಗೂಬಾಯಿ ಹಾನಗಲ್ ಅವರ ವಿಳಂಬಿತ ಕೇಳುತ್ತಿತ್ತು. ಸ್ವರವೊಂದು ತಂಬೂರಿಯ ಮೇಲೆ ಹಾಸಿಕೊಂಡು ನಿಂತಿದೆ, ಇನ್ನೇನು ಮುಂದಿನದಕ್ಕೆ ಸರಿಯಬೇಕು, ಅಷ್ಟರಲ್ಲಿ ‘ಟಪ್’ ಎಂದು ಒಂದು ಸದ್ದು. ಸ್ವರವನ್ನು ಕತ್ತರಿಸಿ ಮತ್ತೆ ಅಂಟಿಸಿದ ಹಾಗೆ. ಸ್ವಲ್ಪ ಹೊತ್ತು ಕಳೆಯಿತು, ಮತ್ತೆ ‘ಟಪ್’.

“ತಮ್ಮಾ, ಮೂರು ವಾರದಿಂದ ಹಿಂಗ ಮಾಡಾಕತ್ತೈತಿ. ರಿಪೇರಿ ಅಂಗಡ್ಯಾಂವ ಹೊಸಾದ ತಗೋರಿ ಅಂತಾನ,” ಅಂದರು ಕಾಕಾ. ಅವರ ಮುಖದಲ್ಲಿ ಇದ್ದದ್ದು ಬೇಸರ ಮಾತ್ರವಲ್ಲ. ಕೂಡಿಟ್ಟದ್ದೆಲ್ಲ ಕೈತಪ್ಪುತ್ತಿದೆಯೇನೋ ಎಂಬ ಅಂಜಿಕೆಯೂ ಇತ್ತು.

ಹೊಸದು ತಗೊಳ್ಳಿ ಎಂಬ ಸಲಹೆ ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಹಾಡು ತುಂಡಾದರೆ ಯಂತ್ರಕ್ಕೆ ವಯಸ್ಸಾಯಿತು, ಶಕ್ತಿ ಸಾಲದು ಎಂದು ತೀರ್ಮಾನ. ಆದರೆ ಮೊನ್ನೆ ತಂದ ಯಂತ್ರದಲ್ಲೂ ಹಾಡು ತುಂಡಾಗುವುದನ್ನು ನಾನು ಕಂಡಿದ್ದೇನೆ. ಹಾಡು ನುಡಿಸುವುದು ಕಂಪ್ಯೂಟರಿಗೆ ಭಾರದ ಕೆಲಸವೇ ಅಲ್ಲ. ಲೆಕ್ಕ ಹಾಕಿ ನೋಡಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆಂದು ಗೊತ್ತುಮಾಡಿದ ಅಳತೆ ಇವತ್ತಿಗೂ ಚಾಲ್ತಿಯಲ್ಲಿದೆ: ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆಯುವುದು, ಪ್ರತಿ ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಎಲ್ಲ ಸೇರಿ ಸೆಕೆಂಡಿಗೆ 1,76,400 ಬೈಟ್. ತಿರುಗುವ ತಟ್ಟೆಯ ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ನೂರು ಮೆಗಾಬೈಟಿನಷ್ಟು ಓದುತ್ತದೆ. ಹಾಡು ಕೇಳುವುದು ಅದರ ಐನೂರರಲ್ಲಿ ಒಂದು ಪಾಲನ್ನೂ ಅಲ್ಲ.

ಹಾಡು ಕೇಳುವುದು ಪ್ರಮಾಣವನ್ನಲ್ಲ, ಹೊತ್ತನ್ನು. ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಸುಮಾರು 23 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 23. ಆ ಹೊತ್ತಿಗೆ ಆ ಅಂಕಿ ಅಲ್ಲಿ ಇರಲೇಬೇಕು. ಫೋಟೊ ನಕಲು ಮಾಡುವಾಗ ಯಂತ್ರ ಅರ್ಧ ಸೆಕೆಂಡ್ ನಿಂತು ಮುಂದುವರಿದರೆ ಯಾರಿಗೂ ತಿಳಿಯುವುದಿಲ್ಲ, ಫೋಟೊ ಪೂರ್ತಿ ಬಂದಿರುತ್ತದೆ. ಹಾಡಿನಲ್ಲಿ ತಡವಾಗಿ ಬಂದದ್ದು ಬಾರದೆ ಹೋದದ್ದಕ್ಕೆ ಸಮ. ವೇಗದ ಯಂತ್ರ ಬೇರೆ, ಹೊತ್ತಿಗೆ ಸರಿಯಾಗಿ ಒದಗುವ ಯಂತ್ರ ಬೇರೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ನಾವು ಬೇಡದ ಖರ್ಚಿಗೆ ಇಳಿಯುತ್ತೇವೆ.

ಮನೆಯ ನೀರಿನ ವ್ಯವಸ್ಥೆಯನ್ನು ನೆನೆದರೆ ಇದು ತಕ್ಷಣ ಅರ್ಥವಾಗುತ್ತದೆ. ನಲ್ಲಿಯ ನೀರು ಎರಡು ದಿನಕ್ಕೊಮ್ಮೆ ಬಂದು ಸಂಪು ತುಂಬುತ್ತದೆ. ಸಂಪಿನಿಂದ ಮೋಟರು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಮನೆಯ ನಲ್ಲಿಗಳಿಗೆ. ಹಾಡಿನ ಫೈಲು ಇರುವ ಡಿಸ್ಕ್ ಸಂಪು, ಪ್ರೊಸೆಸರ್ ಮೋಟರು, ಬಫರ್ ಎಂಬ ಚಿಕ್ಕ ಜಾಗ ಮೇಲಿನ ಟ್ಯಾಂಕು, ಸೌಂಡ್ ಕಾರ್ಡ್ ಎಂದೂ ಮುಚ್ಚದ ನಲ್ಲಿ. ಸಂಪಿನ ತುಂಬ ನೀರಿದೆ, ಮೋಟರು ಐದು ಅಶ್ವಶಕ್ತಿಯದು. ಆದರೂ ಸ್ವಿಚ್ ಹಾಕಬೇಕಾದವರು ಆ ಕ್ಷಣ ಬೀದಿಯ ಕೊನೆಗೆ ಹೋಗಿದ್ದರೆ ಟ್ಯಾಂಕು ಬರಿದಾಗಿ ನಲ್ಲಿ ‘ಗೊರಕ್’ ಎನ್ನುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು: ಕಂಪ್ಯೂಟರಿನ ಟ್ಯಾಂಕು ಬಹಳ ಚಿಕ್ಕದು. ವಿಂಡೋಸ್‌ನ ಧ್ವನಿ ವಿಭಾಗ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ ಎದ್ದು ಟ್ಯಾಂಕು ತುಂಬಿಸುತ್ತದೆ. ಸೆಕೆಂಡಿಗೆ ನೂರು ಸಲ. ಒಂದು ಗಂಟೆಯ ರಾಗ ಮುಗಿಯುವಷ್ಟರಲ್ಲಿ 3,60,000 ಸಲ ಎದ್ದಿರಬೇಕು. ಅದರಲ್ಲಿ ಒಂದೇ ಒಂದು ಸಲ ತಪ್ಪಿದರೂ ನಿಮಗೆ ಗೊತ್ತಾಗುತ್ತದೆ.

ಹೇಗೆ ಗೊತ್ತಾಗುತ್ತದೆ ಎಂಬುದೂ ಕುತೂಹಲದ ವಿಷಯ. ಬಿಟ್ಟುಹೋದದ್ದು ಕೆಲವೇ ಮಿಲಿಸೆಕೆಂಡ್, ಅಂದರೆ ಮೌನ. ಆದರೆ ಕೇಳುವುದು ಮೌನವಲ್ಲ, ‘ಟಪ್’ ಎಂಬ ಸದ್ದು. ಏರಿಳಿಯುತ್ತಿದ್ದ ಅಲೆ ಒಮ್ಮೆಲೇ ಕತ್ತರಿಸಿ ಸೊನ್ನೆಗೆ ಬಿದ್ದಾಗ ಆ ಕಡಿದ ಅಂಚಿನಲ್ಲಿ ಕೆಳಗಿನಿಂದ ಮೇಲಿನವರೆಗಿನ ಎಲ್ಲ ಕಂಪನಗಳೂ ಚಿಮ್ಮುತ್ತವೆ. ತಬಲಾ ದ್ರುತದಲ್ಲಿ ಓಡುತ್ತಿದ್ದರೆ ಅದು ಪೆಟ್ಟುಗಳ ನಡುವೆ ಅಡಗಿಬಿಡಬಹುದು. ಕಿರಾನಾ ಘರಾಣೆಯ ಗಾಯಕಿಯೊಬ್ಬರು ಒಂದೇ ಸ್ವರವನ್ನು ಹಿಡಿದು ನಿಂತಿರುವಾಗ ಅಡಗಲು ಜಾಗವೇ ಇಲ್ಲ. ಹಾಗಾಗಿ ನಿಮ್ಮ ಯಂತ್ರವನ್ನು ಪರೀಕ್ಷಿಸಲು ಸಿನಿಮಾ ಹಾಡು ಹಾಕಬೇಡಿ, ಬರೀ ತಂಬೂರಿಯ ಧ್ವನಿಮುದ್ರಣ ಹಾಕಿ. ಹತ್ತು ನಿಮಿಷ ಕೇಳಿ. ಅದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ನನಗೆ ತಿಳಿದಿಲ್ಲ.

ಯಂತ್ರ ಪೂರ್ತಿ ಸ್ತಬ್ಧವಾದಾಗ ‘ಟರ್‌ರ್‌ರ್’ ಎಂದು ಒಂದೇ ಸದ್ದು ಎಡೆಬಿಡದೆ ಬರುವುದನ್ನು ಬಹಳ ಜನ ಕೇಳಿರುತ್ತೀರಿ. ಅದೂ ಈ ಟ್ಯಾಂಕಿನದೇ ಕತೆ. ಬಫರ್ ಒಂದು ದುಂಡನೆಯ ಸಾಲು. ಸೌಂಡ್ ಕಾರ್ಡ್ ಪ್ರೊಸೆಸರನ್ನು ಕೇಳದೆ ತಾನೇ ಸುತ್ತಿ ಸುತ್ತಿ ಓದುತ್ತಿರುತ್ತದೆ. ಮುಂದೆ ಮುಂದೆ ಹೊಸದನ್ನು ತುಂಬುವವರು ಮೂರ್ಛೆ ಹೋದರೆ ಹಳೆಯ ಚೂರನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಆ ಸದ್ದು ಕೇಳಿದರೆ ಸೌಂಡ್ ಕಾರ್ಡನ್ನು ದೂರಬಾರದು. ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವುದು ಅದೊಂದೇ.

ಕಾಕಾನ ಲ್ಯಾಪ್‌ಟಾಪನ್ನು ಮುಟ್ಟುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ. “ಕಾಕಾ, ಇದು ಪ್ರತಿ ಸಲ ಹಾಡಿನ ಅದ ಜಾಗಾದಾಗ ಬರ್ತೈತೇನ್ರಿ?”

“ಇಲ್ಲೋ. ಎಲ್ಲಿ ಬೇಕಾದಲ್ಲಿ ಬರ್ತೈತಿ. ಆದ್ರ ಗಡಿಯಾರ ನೋಡಿದ್ರ ನಿಮಿಷಕ್ಕೊಮ್ಮೆ ಬಂದಂಗ ಅನಸ್ತೈತಿ.” ಆಮೇಲೆ ಸ್ವಲ್ಪ ಯೋಚಿಸಿ, “ಒಂದು ಕ್ಯಾಸೆಟ್ ಮಾತ್ರ ಬ್ಯಾರೆ. ಅದರಾಗ ಯಾವಾಗಲೂ ಒಂದ ಕಡೆ,” ಎಂದು ಸೇರಿಸಿದರು.

ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಮೆಕ್ಯಾನಿಕ್ ಇಂಜಿನ್ ಬಿಚ್ಚುವ ಮೊದಲು ಸದ್ದು ಕೇಳುತ್ತಾನಲ್ಲ, ಹಾಗೆ ಹಾಡು ಯಾವ ಬಗೆಯಲ್ಲಿ ತುಂಡಾಗುತ್ತದೆ ಎಂಬುದೇ ಯಾರು ತಡಮಾಡುತ್ತಿದ್ದಾರೆ ಎಂದು ಹೇಳಿಬಿಡುತ್ತದೆ. ನಾವು ಅದನ್ನು ಕೇಳಿಸಿಕೊಳ್ಳದೆ ನೇರವಾಗಿ ಸೆಟ್ಟಿಂಗ್ಸ್ ಒಳಗೆ ನುಗ್ಗಿ, ಒಂದೇ ಸಲಕ್ಕೆ ಹತ್ತು ಗುಂಡಿ ತಿರುಗಿಸುತ್ತೇವೆ. ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಬಂದರೆ ಮೊದಲಿಗೇ ಬರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹತ್ತು ನಿಮಿಷ ತಂಬೂರಿ ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ.

ಹಾಡು ಪ್ರತಿ ಸಲ ಒಂದೇ ಜಾಗದಲ್ಲಿ, ಮೂರು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲೇ ಮುರಿಯುತ್ತದೆ ಎಂದಿಟ್ಟುಕೊಳ್ಳಿ. ತಪ್ಪು ಫೈಲಿನಲ್ಲಿದೆ ಅಥವಾ ಆ ಫೈಲು ಕೂತಿರುವ ಡಿಸ್ಕಿನ ಜಾಗದಲ್ಲಿದೆ. ಆ ಫೈಲನ್ನು ಪೆನ್ ಡ್ರೈವಿಗೋ ಫೋನಿಗೋ ನಕಲಿಸಿ ಅಲ್ಲಿ ಕೇಳಿ. ಅಲ್ಲೂ ಅದೇ ಕಡೆ ಮುರಿದರೆ ಫೈಲೇ ಹಾಗಿದೆ. ನಕಲಿಸುವಾಗಲೇ ಯಂತ್ರ ಆ ಜಾಗದಲ್ಲಿ ತಡಕಾಡಿ ನಿಂತರೆ ಡಿಸ್ಕ್ ಸವೆಯುತ್ತಿದೆ. ಆಗ ಹಾಡಿನ ಚಿಂತೆ ಬಿಟ್ಟು ಅವತ್ತೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಸಾಗಿಸಬೇಕು. ಓದಲಾಗದ ಜಾಗ ಸಿಕ್ಕಿದಾಗ ಡಿಸ್ಕ್ ತನ್ನಷ್ಟಕ್ಕೆ ಮತ್ತೆ ಮತ್ತೆ ಯತ್ನಿಸುತ್ತದೆ, ಆ ಯತ್ನಕ್ಕೆ ಕೆಲವು ಸೆಕೆಂಡುಗಳೇ ಹಿಡಿಯಬಹುದು. ವಿಂಡೋಸ್ ಎಕ್ಸ್‌ಪಿ ಕಾಲದವರಿಗೆ ಇದರ ಇನ್ನೊಂದು ರೂಪ ನೆನಪಿರಬಹುದು. ಡಿಸ್ಕ್ ಓದುವಾಗ ಆರಕ್ಕಿಂತ ಹೆಚ್ಚು ಸಲ ತಪ್ಪಾದರೆ ಎಕ್ಸ್‌ಪಿ ‘ಡಿ.ಎಂ.ಎ.’ ಎಂಬ ನೇರ ದಾರಿಯನ್ನು ಬಿಟ್ಟು ‘ಪಿ.ಐ.ಒ.’ ಎಂಬ ಹಳೆಯ ದಾರಿಗೆ ಇಳಿಯುತ್ತಿತ್ತು, ಆ ದಾರಿಯಲ್ಲಿ ಪ್ರತಿ ಬೈಟನ್ನೂ ಪ್ರೊಸೆಸರೇ ಹೊರಬೇಕು. ಇಳಿದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹಾಡೆಲ್ಲ ಕುಂಟಲು ತೊಡಗುತ್ತಿತ್ತು, ಜನ ಸೌಂಡ್ ಕಾರ್ಡ್ ಬದಲಿಸುತ್ತಿದ್ದರು.

ನೀವು ಏನಾದರೂ ಮಾಡಿದಾಗ, ಪುಟ ಸರಿಸಿದಾಗ ಅಥವಾ ಬ್ರೌಸರಿನಲ್ಲಿ ಹೊಸ ಕಿಟಕಿ ತೆರೆದಾಗ, ಹಾಡು ಕಡಿದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ, ಅಂದರೆ ಪರದೆಯ ಚಿತ್ರವನ್ನು ನಡೆಸುವ ತಂತ್ರಾಂಶದ ಮೇಲೆ, ಅನುಮಾನ ಪಡಿ. ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕೆಡುತ್ತದೆ, ಲ್ಯಾಪ್‌ಟಾಪಿನ ಅಡಿ ಸುಡುತ್ತಿದೆ ಎಂದಾದರೆ ಅದು ಬಿಸಿ. ಪ್ರೊಸೆಸರ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹಾಸಿಗೆಯ ಮೇಲಿಟ್ಟು ಕೇಳುವ ಲ್ಯಾಪ್‌ಟಾಪಿಗೆ ಉಸಿರಾಡಲು ದಾರಿಯಿರುವುದಿಲ್ಲ. ಮರದ ಮಣೆಯ ಮೇಲಿಡಿ, ವರ್ಷಕ್ಕೊಮ್ಮೆ ಫ್ಯಾನಿನ ದೂಳು ತೆಗೆಸಿ.

ಆ ಒಂದು ಕ್ಯಾಸೆಟ್ ಬಿಟ್ಟರೆ ಕಾಕಾನ ಯಂತ್ರದ್ದು ಇವು ಯಾವುವೂ ಅಲ್ಲ. ನಿಮಿಷಕ್ಕೊಮ್ಮೆ ಎಂದರೆ ಗಡಿಯಾರ ಇಟ್ಟುಕೊಂಡು ಕೆಲಸ ಮಾಡುವ ಯಾರೋ ಒಳಗಿದ್ದಾರೆ. ಇಲ್ಲಿ ಸ್ವಲ್ಪ ಒಳಗಿನ ಸಂಗತಿ ಹೇಳಬೇಕು, ಏಕೆಂದರೆ ಬಹಳ ಜನರನ್ನು ಕಾಡುವ, ಆದರೆ ಕೆಲವರಿಗಷ್ಟೇ ತಿಳಿದಿರುವ ತುಂಡಾಗುವಿಕೆ ಇದು.

ಕೀಬೋರ್ಡು, ವೈಫೈ, ಡಿಸ್ಕ್, ಇವೆಲ್ಲ ಪ್ರೊಸೆಸರಿನ ಬಾಗಿಲು ತಟ್ಟುವ ಹಕ್ಕುಳ್ಳವು. ತಟ್ಟಿದ ಕೂಡಲೇ ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಏನೆಂದು ಕೇಳುತ್ತದೆ. ಕೇಳಿ, ತುರ್ತಾದಷ್ಟನ್ನು ಮಾಡಿ, ಉಳಿದದ್ದನ್ನು ‘ಆಮೇಲೆ’ ಎಂದು ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ವಿಂಡೋಸ್‌ನಲ್ಲಿ ಆ ಸಾಲಿಗೆ ‘ಡಿ.ಪಿ.ಸಿ.’ ಎಂದು ಹೆಸರು. ಹೆಸರಿಗೆ ಆಮೇಲಿನ ಕೆಲಸವಾದರೂ ಈ ಸಾಲು ನಿಮ್ಮ ಹಾಡು, ಬ್ರೌಸರ್, ಬರೆಯುತ್ತಿರುವ ಪತ್ರ ಎಲ್ಲಕ್ಕಿಂತ ಮೇಲಿನದು. ಅದು ಮುಗಿಯುವ ತನಕ ಅದು ನಡೆಯುತ್ತಿರುವ ಪ್ರೊಸೆಸರ್ ಕೋರಿನಲ್ಲಿ ಹಾಡಿಗೆ ಪಾಳಿ ಬರುವುದಿಲ್ಲ. ಹಾಗಾಗಿ ಡ್ರೈವರ್ ಬರೆಯುವವರಿಗೆ ಮೈಕ್ರೊಸಾಫ್ಟ್ ಹಾಕಿರುವ ಗೆರೆ ಬಹಳ ಬಿಗಿ: ಈ ಕೆಲಸ 100 ಮೈಕ್ರೊಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಡ್ರೈವರ್ ಬರೆದವರಲ್ಲಿ ಯಾರೋ ಒಬ್ಬರು ಆ ಗೆರೆಯನ್ನು ಲೆಕ್ಕಕ್ಕಿಡದೆ ಐದು, ಹತ್ತು ಮಿಲಿಸೆಕೆಂಡ್ ಅಲ್ಲೇ ಕೂತರೆ ಟ್ಯಾಂಕು ಬರಿದಾಯಿತು. ಯಂತ್ರದಲ್ಲಿ ಎಂಟು ಕೋರ್ ಇದ್ದರೂ, ಹದಿನಾರು ಜಿ.ಬಿ. ಮೆಮೊರಿ ಇದ್ದರೂ ಅಷ್ಟೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಶೇಕಡಾ ನಾಲ್ಕು ಮಾತ್ರ ದುಡಿಯುತ್ತಿದೆ ಎನ್ನುತ್ತದೆ, ಹಾಡು ಮಾತ್ರ ಮುರಿಯುತ್ತಿರುತ್ತದೆ. ಆ ಶೇಕಡಾ ನಾಲ್ಕು ಒಂದಿಡೀ ಸೆಕೆಂಡಿನ ಸರಾಸರಿ. ಹತ್ತು ಮಿಲಿಸೆಕೆಂಡಿನ ಅಡ್ಡಿ ಅದರಲ್ಲಿ ಕರಗಿಹೋಗಿರುತ್ತದೆ.

ತುರ್ತಿನ ಕೆಲಸ ಹೀಗೆ ಸಿಕ್ಕಿಬೀಳುವುದು ಮನೆಯ ಯಂತ್ರಕ್ಕೆ ಮಾತ್ರ ಬಂದ ರೋಗವಲ್ಲ. 1997ರ ಜುಲೈನಲ್ಲಿ ಮಂಗಳದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಪದೇ ಪದೇ ತಾನೇ ನಿಂತು ಶುರುವಾಗುತ್ತಿತ್ತು. ಹವಾಮಾನದ ಅಂಕಿ ಸಂಗ್ರಹಿಸುವ ಒಂದು ಕಿರಿಯ ಕೆಲಸ ಎಲ್ಲರಿಗೂ ಬೇಕಾದ ಬೀಗವನ್ನು ಹಿಡಿದುಕೊಂಡಿತ್ತು, ನಡುವಿನ ದರ್ಜೆಯ ಇನ್ನೊಂದು ಕೆಲಸ ಬಂದು ಅದನ್ನು ಬದಿಗೆ ತಳ್ಳಿತ್ತು, ಅತಿ ತುರ್ತಿನ ಕೆಲಸ ಆ ಬೀಗಕ್ಕಾಗಿ ಕಾದು ಹೊತ್ತು ಮೀರಿಸುತ್ತಿತ್ತು. ಭೂಮಿಯಿಂದಲೇ ತಿದ್ದುಪಡಿ ಕಳಿಸಿ ಸರಿಮಾಡಿದರು. ಶಕ್ತಿ ಸಾಲದೆ ಹೋದದ್ದಲ್ಲ, ಸರದಿ ತಪ್ಪಿದ್ದು.

ಯಾರು ಸರದಿ ತಪ್ಪಿಸುತ್ತಿದ್ದಾರೆಂದು ತಿಳಿಯಲು ವಿಂಡೋಸಿಗೆ ‘ಲೇಟೆನ್ಸಿಮಾನ್’ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಹಾಕಿ, ಹಾಡು ನುಡಿಸಲು ಬಿಟ್ಟು, ಕಾಲು ಗಂಟೆ ಕಾದರೆ ಯಾವ ಡ್ರೈವರ್ ಎಷ್ಟು ಹೊತ್ತು ಕೂತಿತ್ತು ಎಂದು ಪಟ್ಟಿ ಕೊಡುತ್ತದೆ. ಅದಿಲ್ಲದೆಯೂ ಒಂದು ಸುಲಭ ಪರೀಕ್ಷೆಯಿದೆ, ನಾವು ಮೊದಲು ಮಾಡಿದ್ದು ಅದನ್ನೇ: ಏರ್‌ಪ್ಲೇನ್ ಮೋಡ್ ಒತ್ತಿದೆವು. ವೈಫೈ, ಬ್ಲೂಟೂತ್ ಎರಡೂ ಆರಿದವು. ಹತ್ತು ನಿಮಿಷ ತಂಬೂರಿ ಒಂದೇ ಎಳೆಯಾಗಿ ಹರಿಯಿತು. ವೈಫೈ ಮಾತ್ರ ಹಚ್ಚಿದೆವು. ಐವತ್ತೆಂಟನೇ ಸೆಕೆಂಡಿಗೆ ‘ಟಪ್’. ಕಾಕಾ ನನ್ನ ಮುಖ ನೋಡಿದರು. ವೈಫೈ ಡ್ರೈವರುಗಳಲ್ಲಿ ಕೆಲವು ಆಗಾಗ ಸುತ್ತಮುತ್ತ ಬೇರೆ ಯಾವ ಸಂಪರ್ಕಗಳಿವೆ ಎಂದು ಹುಡುಕಾಡುತ್ತವೆ. ಆ ಹುಡುಕಾಟದ ಹೊತ್ತಿನಲ್ಲಿ ಈ ಡ್ರೈವರ್ ತನಗೆ ಮೀಸಲಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿತ್ತು. ಲೇಟೆನ್ಸಿಮಾನ್ ಪಟ್ಟಿಯ ತಲೆಯಲ್ಲೂ ಅದರದೇ ಹೆಸರು. ಲ್ಯಾಪ್‌ಟಾಪ್ ತಯಾರಿಸಿದವರ ತಾಣದಲ್ಲಿ ಹೊಸ ಡ್ರೈವರ್ ಇತ್ತು. ಇಳಿಸಿ ಹಾಕಿದೆವು. ಒಂದು ಪೈಸೆ ಖರ್ಚಿಲ್ಲದೆ ಆ ‘ಟಪ್’ ಹೋಯಿತು.

ವೈಫೈಗೂ ಹಾಡಿಗೂ ನಡುವಿನ ಈ ಜಗಳ ಹಳೆಯದು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಲ್ಲಿ ಮೈಕ್ರೊಸಾಫ್ಟ್ ಹಾಡಿನ ಪರ ನಿಂತಿತು. ಹಾಡು ನಡೆಯುತ್ತಿರುವಾಗ ನೆಟ್‌ವರ್ಕಿನಿಂದ ಬರುವ ಪೊಟ್ಟಣಗಳನ್ನು ಮಿಲಿಸೆಕೆಂಡಿಗೆ ಹತ್ತಕ್ಕೆ ತಡೆದು ನಿಲ್ಲಿಸುವ ಏರ್ಪಾಡು ಮಾಡಿತು. ಹಾಡು ಕೇಳುತ್ತ ನೆಟ್‌ವರ್ಕಿನ ಮೂಲಕ ಫೈಲು ನಕಲಿಸಿದರೆ ನಕಲು ನಿಧಾನವಾಗುತ್ತದೆ ಎಂದು ಜನ ದೂರಿದಾಗ ಆ ಕಂಪನಿಯವರೇ ಆದ ಮಾರ್ಕ್ ರಸಿನೋವಿಚ್ ಅದರ ಒಳಗುಟ್ಟನ್ನು ವಿವರವಾಗಿ ಬರೆದು ಬಿಚ್ಚಿಟ್ಟರು. ತಡೆಯ ಅಳತೆ ತಪ್ಪಿತ್ತೆನ್ನಿ, ಆದರೆ ಹಾಡಿಗೆ ಮೊದಲ ಪಾಳಿ ಕೊಡಬೇಕೆಂದು ಯೋಚಿಸಿದ್ದನ್ನು ನಾನು ಮೆಚ್ಚುತ್ತೇನೆ.

ಲಿನಕ್ಸ್ ಬಳಸುವವರ ಬಾಯಲ್ಲಿ ಟ್ಯಾಂಕು ಬರಿದಾಗುವುದಕ್ಕೆ ‘ಎಕ್ಸ್‌ರನ್’ ಎಂದು ಹೆಸರು. ಅಲ್ಲಿ ಬಹುಕಾಲ ಪಲ್ಸ್‌ಆಡಿಯೊ ಆಳಿತು. ಈಗ ಹೆಚ್ಚಿನ ಕಡೆ ಪೈಪ್‌ವೈರ್ ಬಂದಿದೆ, ಫೆಡೋರಾ 2021ರಲ್ಲಿ ಅದನ್ನು ತನ್ನ ಮೂಲ ವ್ಯವಸ್ಥೆಯಾಗಿ ಒಪ್ಪಿಕೊಂಡಿತು. ಅದರ ಜೊತೆ ಬರುವ ‘ಪಿಡಬ್ಲ್ಯು-ಟಾಪ್’ ಎಂಬ ಆದೇಶ ಕೊಟ್ಟರೆ ಯಾವ ಕಾರ್ಯಕ್ರಮ ಎಷ್ಟು ಸಲ ತಡಮಾಡಿತು ಎಂಬ ಎಣಿಕೆ ಕಣ್ಣೆದುರೇ ಏರುತ್ತದೆ.

ಇನ್ನು ಬ್ಲೂಟೂತ್. ನನ್ನ ಮಗಳ ಹೆಡ್‌ಫೋನ್ ಅವಳು ಮೇಜಿನ ಮುಂದೆ ಕೂತಾಗ ಮಾತ್ರ ತೊದಲುತ್ತಿತ್ತು, ಮಂಚದ ಮೇಲೆ ಕೂತರೆ ಇಲ್ಲ. ಮೇಜಿನ ಮೇಲೆ ಏನಿತ್ತು? ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹೊರಗಿನ ಹಾರ್ಡ್ ಡಿಸ್ಕ್. ಅದು ಯುಎಸ್‌ಬಿ 3.0 ತಂತಿಯದು. ಆ ತಂತಿಯಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಹೊರಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೂ ಬೀಳುತ್ತದೆ, ಬ್ಲೂಟೂತ್ ಮಾತಾಡುವುದು ಅದೇ ಜಾಗದಲ್ಲಿ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಿಸ್ಕನ್ನು ಇನ್ನೊಂದು ಬದಿಯ ಕಿಂಡಿಗೆ ಹಾಕಿ, ತಂತಿಯನ್ನು ಅರ್ಧ ಮೀಟರ್ ದೂರ ಸರಿಸಿದ್ದಷ್ಟೇ ಮದ್ದು.

ಆ 2.4 ಗಿಗಾಹರ್ಟ್ಸ್ ಪಟ್ಟಿಯೆಂದರೆ ಸಂತೆಯ ದಿನದ ಬೀದಿ. ಹಳೆಯ ವೈಫೈ ಅಲ್ಲೇ, ಮೈಕ್ರೊವೇವ್ ಒಲೆಯ ಸೋರಿಕೆಯೂ ಅಲ್ಲೇ, ತಂತಿಯಿಲ್ಲದ ಮೌಸ್ ಕೂಡ ಅಲ್ಲೇ. ಬ್ಲೂಟೂತ್ ಆ ಬೀದಿಯನ್ನು 79 ಓಣಿಗಳಾಗಿ ಹಂಚಿಕೊಂಡು ಸೆಕೆಂಡಿಗೆ 1,600 ಸಲ ಓಣಿ ಬದಲಿಸುತ್ತ, ಗದ್ದಲವಿರುವಲ್ಲಿಂದ ತಪ್ಪಿಸಿಕೊಂಡು ಸಾಗುತ್ತದೆ. ಅದು ನಿಜಕ್ಕೂ ಜಾಣ ಏರ್ಪಾಡು. ಆದರೂ ಎಲ್ಲ ಓಣಿಯೂ ತುಂಬಿದ್ದರೆ ಏನು ಮಾಡೀತು? ಮನೆಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಬೀದಿ ಅರ್ಧ ಖಾಲಿಯಾಗುತ್ತದೆ. ನಮ್ಮ ದೇಹವೂ ಅಡ್ಡಿಯೇ, ಏಕೆಂದರೆ ನೀರು ಈ ಅಲೆಗಳನ್ನು ಹೀರುತ್ತದೆ, ನಾವು ಬಹುಪಾಲು ನೀರು. ಲ್ಯಾಪ್‌ಟಾಪಿಗೆ ಬೆನ್ನು ತಿರುಗಿಸಿದಾಗ ಹಾಡು ತೊದಲಿದರೆ ಆಶ್ಚರ್ಯವಿಲ್ಲ.

ಬ್ಲೂಟೂತಿನ ಇನ್ನೊಂದು ದೂರು ಬೇರೆ ಬಗೆಯದು. ಹಾಡು ನಿಲ್ಲುವುದಿಲ್ಲ, ಇದ್ದಕ್ಕಿದ್ದಂತೆ ಹಳೆಯ ಟೆಲಿಫೋನಿನೊಳಗಿಂದ ಬಂದ ಹಾಗಾಗುತ್ತದೆ. ಯಾವುದೋ ಮೀಟಿಂಗ್ ತಂತ್ರಾಂಶ ಹೆಡ್‌ಫೋನಿನ ಮೈಕನ್ನು ತೆರೆದುಕೊಂಡಿದೆ ಎಂದರ್ಥ. ಸಂಗೀತಕ್ಕೆಂದು ಇರುವ ದಾರಿ ಒಂದೇ ಕಡೆಗೆ ಹರಿಯುವಂಥದ್ದು. ಮೈಕ್ ಬೇಕೆಂದ ಕೂಡಲೇ ಯಂತ್ರ ಅದನ್ನು ಬಿಟ್ಟು ಮಾತಿಗೆಂದು ಮಾಡಿದ ಇಕ್ಕಟ್ಟಿನ ದಾರಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಅಳತೆ, ಎಡಬಲ ಎರಡೂ ಒಂದೇ. ಸೆಟ್ಟಿಂಗ್ಸ್‌ನಲ್ಲಿ ಮೈಕನ್ನು ಲ್ಯಾಪ್‌ಟಾಪಿನದಕ್ಕೆ ಬದಲಿಸಿ, ಹಾಡು ಮರಳಿ ಬರುತ್ತದೆ.

ಅಂತರ್ಜಾಲದಿಂದ ಕೇಳುವವರಿಗೆ ಪರೀಕ್ಷೆ ಬಹಳ ಸುಲಭ. ನೆಟ್ ಕೈಕೊಟ್ಟರೆ ಹಾಡು ‘ಟಪ್’ ಎನ್ನುವುದಿಲ್ಲ, ಸೆಕೆಂಡುಗಟ್ಟಲೆ ನಿಂತು ಚಕ್ರ ತಿರುಗುತ್ತದೆ. ಅಲ್ಲಿನ ಟ್ಯಾಂಕು ದೊಡ್ಡದು. ಅನುಮಾನವಿದ್ದರೆ ಹಾಡನ್ನು ಡೌನ್‌ಲೋಡ್ ಮಾಡಿ, ನೆಟ್ ಆರಿಸಿ ಕೇಳಿ. ಆಗಲೂ ಮುರಿದರೆ ನೆಟ್ ಕೊಡುವವರ ತಪ್ಪಲ್ಲ.

ಹಾಡಿನ ಮೊದಲ ಅಕ್ಷರವನ್ನೇ ಯಂತ್ರ ನುಂಗಿಬಿಡುವುದುಂಟು. ವಿದ್ಯುತ್ ಉಳಿಸಲೆಂದು ಸೌಂಡ್ ಕಾರ್ಡ್ ನಿದ್ದೆ ಹೋಗಿರುತ್ತದೆ, ಕರೆದಾಗ ಕಣ್ಣುಜ್ಜಿ ಏಳುವಷ್ಟರಲ್ಲಿ ‘ಕೃಷ್ಣಾ’ ಎಂಬುದು ‘ಷ್ಣಾ’ ಆಗಿರುತ್ತದೆ. ಯುಎಸ್‌ಬಿ ಮೂಲಕ ಸಿಕ್ಕಿಸಿದ ಸ್ಪೀಕರು ನಡುನಡುವೆ ಕಾಣೆಯಾಗಿ ಬರುವುದಕ್ಕೂ ಇದೇ ಮಿತವ್ಯಯ ಕಾರಣವಿರಬಹುದು. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನು ಆಫ್ ಮಾಡಿ ನೋಡಿ. ಹಾಗೆಯೇ ಸೌಂಡ್ ಸೆಟ್ಟಿಂಗ್ಸ್‌ನ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಕೂಡ ಆಫ್ ಮಾಡಿಡುವುದು ಒಳ್ಳೆಯದು. ಧ್ವನಿಯನ್ನು ಚಂದಗಾಣಿಸುತ್ತೇವೆಂದು ಸೇರಿಕೊಂಡ ಆ ಅಲಂಕಾರಗಳಿಂದ ಶಾಸ್ತ್ರೀಯ ಸಂಗೀತಕ್ಕೆ ಉಪಕಾರವಾದದ್ದನ್ನು ನಾನು ಕಂಡಿಲ್ಲ.

ಕಛೇರಿ ಕೇಳುವವರಿಗೆ ನೋವು ಕೊಡುವ ಮತ್ತೊಂದು ತೂತು ಒಂದು ಹಾಡಿಗೂ ಮುಂದಿನದಕ್ಕೂ ನಡುವೆ ಬೀಳುವಂಥದ್ದು. ರಾಗಂ, ತಾನಂ, ಪಲ್ಲವಿ ಎಂದು ಮೂರು ಫೈಲು ಮಾಡಿರುತ್ತಾರೆ. ನಿಜಕ್ಕೂ ಅಲ್ಲಿ ತಂಬೂರಿ ನಿಂತೇ ಇಲ್ಲ, ಯಂತ್ರದಲ್ಲಿ ಮಾತ್ರ ನಿಲ್ಲುತ್ತದೆ. ಎಂಪಿ3 ತನ್ನ ಸದ್ದನ್ನು 1,152 ಅಳತೆಗಳ ಕಟ್ಟುಗಳಾಗಿ ಕಟ್ಟುತ್ತದೆ, ಒಂದು ಕಟ್ಟು ಸುಮಾರು 26 ಮಿಲಿಸೆಕೆಂಡ್. ಕೊನೆಯ ಕಟ್ಟು ತುಂಬದಿದ್ದರೆ ಮೌನ ತುಂಬಿ ಮುಚ್ಚುತ್ತದೆ, ಮೊದಲಲ್ಲೂ ಸ್ವಲ್ಪ ಮೌನ ಸೇರುತ್ತದೆ. ಇದು ಯಾವ ಡ್ರೈವರಿನಿಂದಲೂ ಸರಿಹೋಗುವಂಥದ್ದಲ್ಲ. ‘ಫ್ಲ್ಯಾಕ್’ನಂಥ, ಸದ್ದನ್ನು ಕಳೆಯದೆ ಕಟ್ಟುವ ರೂಪದಲ್ಲಿ ಇಟ್ಟುಕೊಂಡು, ಎಡೆಬಿಡದೆ ನುಡಿಸಬಲ್ಲ ಪ್ಲೇಯರ್ ಬಳಸಿದರೆ ತಂಬೂರಿ ಕೂಡಿಕೊಳ್ಳುತ್ತದೆ.

ಬಫರ್ ದೊಡ್ಡದು ಮಾಡಿ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಬರೀ ಕೇಳುವವರಿಗೆ ಅದು ಸರಿಯೇ, ಟ್ಯಾಂಕು ದೊಡ್ಡದಾದಷ್ಟೂ ನೆಮ್ಮದಿ. ಆದರೆ ಕಂಪ್ಯೂಟರಿನ ಮೂಲಕ ಹಾಡಿ, ತನ್ನ ದನಿಯನ್ನು ತಾನೇ ಕಿವಿಯಲ್ಲಿ ಕೇಳಿಕೊಂಡು ಧ್ವನಿಮುದ್ರಿಸುವವರಿಗೆ ಅದು ವಿಷ. ಹಾಡಿದ್ದು ಮೊದಲು ಟ್ಯಾಂಕು ಹತ್ತಿ ಆಮೇಲೆ ನಲ್ಲಿಗೆ ಬರಬೇಕಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 10 ಮಿಲಿಸೆಕೆಂಡ್ ತಡವೆಂದರೆ ಮೃದಂಗದವರು ಮೂರೂವರೆ ಮೀಟರ್ ಆಚೆ ಕೂತಂತೆ, ಅದನ್ನು ತಾಳಿಕೊಳ್ಳಬಹುದು. 50 ಮಿಲಿಸೆಕೆಂಡ್ ಎಂದರೆ ಹದಿನೇಳು ಮೀಟರ್, ಸಭಾಂಗಣದ ಕೊನೆಯ ಸಾಲಿನಲ್ಲಿ ಮೃದಂಗ. ಹಾಗಾಗಿ ಅವರು ಟ್ಯಾಂಕನ್ನು 128 ಅಳತೆಗಳಿಗೆ, ಮೂರು ಮಿಲಿಸೆಕೆಂಡಿಗಿಂತ ಕಡಿಮೆಗೆ ಇಳಿಸಿಕೊಂಡು, ಉಳಿದೆಲ್ಲ ತಂತ್ರಾಂಶಗಳನ್ನು ಮುಚ್ಚಿ ಕೂರುತ್ತಾರೆ.

ಕಾಕಾನ ಲ್ಯಾಪ್‌ಟಾಪ್ ಸರಿಯಾದ ಮೇಲೆ ಆ ಒಂದು ಕ್ಯಾಸೆಟ್ ಉಳಿದಿತ್ತು, ಯಾವಾಗಲೂ ಒಂದೇ ಕಡೆ ಮುರಿಯುವುದು. ಫೋನಿಗೆ ನಕಲಿಸಿದೆ. ಅಲ್ಲೂ ಅದೇ ಜಾಗ. ಫೈಲು ಇಳಿಸಿಕೊಳ್ಳುವಾಗ ಏನೋ ಆಗಿರಬೇಕು, ಮೂಲ ಕ್ಯಾಸೆಟ್ ಇದ್ದರೆ ಮತ್ತೊಮ್ಮೆ ಇಳಿಸೋಣ ಅಂದುಕೊಂಡು ಇನ್ನೊಂದು ಸಲ ಗಮನವಿಟ್ಟು ಕೇಳಿದೆ. ಅದು ‘ಟಪ್’ ಎನ್ನುತ್ತಿರಲಿಲ್ಲ. ದನಿ ಕ್ಷೀಣಿಸುತ್ತ, ಒಂದು ಕ್ಷಣದಲ್ಲಿ ತೆಳ್ಳಗಾಗಿ ಮೇಲಕ್ಕೆ ಜಾರಿ, ನಿಂತುಹೋಗುತ್ತಿತ್ತು. ಮತ್ತೆ ಶುರುವಾಗುವಾಗ ಮೇಲಿನಿಂದ ಕೆಳಕ್ಕೆ ಜಾರಿ ತನ್ನ ಶ್ರುತಿಗೆ ಬಂದು ಕೂರುತ್ತಿತ್ತು. ಹೊತ್ತಿಗೆ ಒದಗದ ಕಂಪ್ಯೂಟರು ಸದ್ದನ್ನು ಕತ್ತರಿಸುತ್ತದೆ, ಅದನ್ನೇ ತಿರುಗಿ ನುಡಿಸುತ್ತದೆ, ಆದರೆ ಶ್ರುತಿಯನ್ನು ಹೀಗೆ ಜಾರಿಸುವುದಿಲ್ಲ. ಅದು ಮೋಟರಿನ ಕೆಲಸ. ಟೇಪು ಮುದ್ರಿಸಿಕೊಳ್ಳುತ್ತಿರುವಾಗ ಮೋಟರ್ ನಿಧಾನವಾಗಿ ನಿಂತರೆ, ಆಮೇಲೆ ಸರಿಯಾದ ವೇಗದಲ್ಲಿ ನುಡಿಸುವಾಗ ಆ ಭಾಗ ಬೇಗ ಓಡಿ ದನಿ ಮೇಲೇರುತ್ತದೆ. ಒತ್ತಿದ ಗುಂಡಿ ಒತ್ತಿದಂತೆಯೇ ಇರುವ ಹಳೆಯ ಟು-ಇನ್-ಒನ್ ಕರೆಂಟು ಹೋಗಿ ಮರಳಿ ಬಂದ ಕೂಡಲೇ ತಾನೇ ಮುಂದುವರಿಯುತ್ತದೆ.

ಸಾಫ್ಟ್‌ವೇರಿನಲ್ಲಿ ದನಿ ಜಾರುವ ಆ ಎರಡು ಸೆಕೆಂಡನ್ನು ಕತ್ತರಿಸಿ, ಎರಡು ತುದಿಗಳನ್ನು ತಂಬೂರಿಯ ಮೇಲೆ ಕೂಡಿಸಿಬಿಡಬಹುದಿತ್ತು. ಕೇಳಿದೆ.

“ಅದನ್ನ ಮುಟ್ಟಬ್ಯಾಡ,” ಅಂದರು ಕಾಕಾ. “ಅವತ್ತ ಮಳಿ ಇತ್ತು, ಕರೆಂಟ್ ಹೋತು. ನಿಮ್ಮ ಕಾಕು ಕಂದೀಲು ಹಚ್ಚಾಕ ಎದ್ಲು, ಅಕಿ ಬರೂದ್ರಾಗ ಕರೆಂಟ್ ಬಂತು.”

ಆ ಫೈಲನ್ನು ಹಾಗೆಯೇ ಬಿಟ್ಟು, ಹೊರಗಿನ ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿಟ್ಟೆ.